ಹಾಸನದಲ್ಲಿ ಮೂರು ವರ್ಷ, 61 ಸಾವಿರ ಕಿಲೋಮೀಟರ್: ನೆಕ್ಸಾನ್ ಇವಿ ಮ್ಯಾಕ್ಸ್ ಮತ್ತು ಅದರ ಎದುರಾಳಿಗಳು

2022ರ ಅಕ್ಟೋಬರ್‌ನಲ್ಲಿ ಟಾಟಾ ನೆಕ್ಸಾನ್ ಇವಿ ಮ್ಯಾಕ್ಸ್ ತಗೊಂಡೆ. ಮೊದಲ ತಿಂಗಳಲ್ಲೇ ವಿಮರ್ಶೆ ಬರೆಯಬೇಕು ಅನ್ನಿಸಿತ್ತು. ಆದರೆ ಹೊಸ ಗಾಡಿಯ ವಾಸನೆ ಹೋಗುವ ತನಕ ಯಾರೂ ನಿಜ ಬರೆಯುವುದಿಲ್ಲ. ಈಗ ವಾಸನೆ ಹೋಗಿದೆ, ಮೀಟರ್ 61 ಸಾವಿರ ತೋರಿಸುತ್ತಿದೆ.

ಹಾಸನದಲ್ಲಿ ಇರುವವರಿಗೆ ಒಂದು ಅನುಕೂಲ ಇದೆ. ಒಂದು ಕಡೆ ಬೆಂಗಳೂರು 185 ಕಿಲೋಮೀಟರ್, ಬಯಲು ಹೆದ್ದಾರಿ. ಇನ್ನೊಂದು ಕಡೆ ಶಿರಾಡಿ ಘಾಟಿ, ಅದರ ಆಚೆ ಪುತ್ತೂರಿನ ನನ್ನ ಮಾವನ ಮನೆ. ಎಲೆಕ್ಟ್ರಿಕ್ ಕಾರನ್ನು ಪರೀಕ್ಷೆ ಮಾಡೋಕೆ ಇದಕ್ಕಿಂತ ಒಳ್ಳೆ ಊರು ಬೇಕಾ?

ಮೊದಲು ರೇಂಜ್ ವಿಷಯ, ಅಂದರೆ ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಎಷ್ಟು ಕಿಲೋಮೀಟರ್ ಓಡುತ್ತದೆ ಅನ್ನೋದು. ಬ್ಯಾಟರಿ 40.5 ಯೂನಿಟ್‌ನದು, ಪುಸ್ತಕದಲ್ಲಿ ಇರುವ ರೇಂಜ್ 437. ನನಗೆ ಸಿಗುವುದು 270ರಿಂದ 290. ಹೆದ್ದಾರಿಯಲ್ಲಿ ನೂರರ ಮೇಲೆ ಓಡಿಸಿದರೆ 230. ಇದು ಒಂದು ಕಂಪನಿಯ ಕಥೆಯಲ್ಲ. ಪುಸ್ತಕದ ರೇಂಜ್ ಅಳೆಯುವ ಪರೀಕ್ಷೆ ನಡೆಯುವುದೇ ಲ್ಯಾಬಿನಲ್ಲಿ, ರೋಲರ್ ಮೇಲೆ, ಕಡಿಮೆ ವೇಗದಲ್ಲಿ. ಹಾಗಾಗಿ ಯಾವ ಕಂಪನಿಯವರು ಏನೇ ಹೇಳಲಿ, ನಾನು ಮೂರರಲ್ಲಿ ಎರಡು ಪಾಲು ಅಂತ ಹಿಡಿದುಕೊಳ್ಳುತ್ತೇನೆ. ಬೆಂಗಳೂರಿಗೆ 80–85ರಲ್ಲಿ ಹೋದರೆ ನೆಲಮಂಗಲ ದಾಟುವಾಗಲೂ ಶೇಕಡಾ 40ರ ಹತ್ತಿರ ಉಳಿದಿರುತ್ತದೆ.

ಘಾಟಿಯ ಲೆಕ್ಕವೇ ಬೇರೆ. ನಾಲ್ಕು ಜನ, ಸಾಮಾನು ಎಲ್ಲ ಸೇರಿದರೆ ಗಾಡಿ ಹೆಚ್ಚುಕಡಿಮೆ 1800 ಕಿಲೋ. ಅದನ್ನು 900 ಮೀಟರ್ ಎತ್ತರಕ್ಕೆ ಎತ್ತೋಕೇ ನಾಲ್ಕೂವರೆ ಯೂನಿಟ್ ಬೇಕು. ಅಂದರೆ ಬ್ಯಾಟರಿಯ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ, ಬರೀ ಎತ್ತೋಕೆ. ರಸ್ತೆಯಲ್ಲಿ ಓಡೋಕೆ ಬೇಕಾದದ್ದು ಬೇರೆ. ಇಳಿಯುವಾಗ ಅದರಲ್ಲಿ ಒಂದಷ್ಟು ವಾಪಸ್ ಬರುತ್ತದೆ. ರೀಜೆನ್ ಅಂದರೆ ವೇಗ ತಗ್ಗುವಾಗ ಮೋಟರೇ ಬ್ರೇಕಿನಂತೆ ಹಿಡಿದು ಬ್ಯಾಟರಿಗೆ ಕರೆಂಟ್ ತುಂಬುವ ವ್ಯವಸ್ಥೆ. ಅದನ್ನು ಮೂರಕ್ಕೆ ಇಟ್ಟು ಮಾರನಹಳ್ಳಿಯಿಂದ ಗುಂಡ್ಯಕ್ಕೆ ಇಳಿದರೆ ಬ್ಯಾಟರಿ ಇಳಿಯುವ ಬದಲು ಎರಡು ಪರ್ಸೆಂಟ್ ಏರಿರುತ್ತದೆ. ಮೊದಲ ಸಲ ನೋಡಿದಾಗ ನನ್ನ ಹೆಂಡತಿ ಮೀಟರ್ ಕೆಟ್ಟಿದೆ ಅಂದುಕೊಂಡಿದ್ದಳು. ಬ್ರೇಕ್ ಪ್ಯಾಡ್ ಇನ್ನೂ ಕಂಪನಿಯಿಂದ ಬಂದದ್ದೇ ಇದೆ. ಒಂದು ಮಾತು: ಸಕಲೇಶಪುರದಲ್ಲಿ ನೂರಕ್ಕೆ ನೂರು ತುಂಬಿಸಿಕೊಂಡು ಇಳಿಯಬೇಡಿ. ತುಂಬಿದ ಬ್ಯಾಟರಿಗೆ ವಾಪಸ್ ಕರೆಂಟ್ ಹಾಕೋಕೆ ಜಾಗ ಇರಲ್ಲ, ರೀಜೆನ್ ಸರಿಯಾಗಿ ಹಿಡಿಯುವುದಿಲ್ಲ.

ಈ ಲೆಕ್ಕ ಕಲಿತದ್ದು ಒಂದು ಜುಲೈನಲ್ಲಿ, ನನ್ನದೇ ಎಡವಟ್ಟಿನಿಂದ. ಮಾವನ ಮನೆಯಲ್ಲಿ ರಾತ್ರಿಯಿಡೀ ಕರೆಂಟ್ ಇರಲಿಲ್ಲ. ಬೆಳಗ್ಗೆ ಬ್ಯಾಟರಿ 48 ಪರ್ಸೆಂಟ್ ಇತ್ತು. ಹಾಸನಕ್ಕೆ ಸುಮಾರು 130 ಕಿಲೋಮೀಟರ್ ತಾನೇ, ಸಾಕು ಅಂತ ಹೊರಟೆ. ಡಿಕ್ಕಿಯಲ್ಲಿ ಎರಡು ಹಲಸಿನಹಣ್ಣು, ಒಂದು ಗೋಣಿ ತೆಂಗಿನಕಾಯಿ. ಸಕಲೇಶಪುರ ಮುಟ್ಟುವಾಗ ಉಳಿದದ್ದು ಆರು. ಏಸಿ ಆಫ್ ಮಾಡಿ, ಗಾಜು ಮಂಜಾಗಿ, ಮಗಳು ಟವೆಲ್ ಹಿಡಿದು ಒರೆಸುತ್ತಾ ಇದ್ದಳು.

ಒಂದು ಹೋಟೆಲ್ ಅಂಗಳದಲ್ಲಿ ಚಾರ್ಜರ್ ಸಿಕ್ಕಿತು. ಗನ್ ಚುಚ್ಚಿದರೆ ಪರದೆಯಲ್ಲಿ ಫಾಲ್ಟ್. ಆ್ಯಪ್‌ಗೆ 300 ರೂಪಾಯಿ ಹಾಕಿದ್ದೆ, ದುಡ್ಡು ಕಟ್ ಆಯಿತು, ಚಾರ್ಜ್ ಶುರುವಾಗಲಿಲ್ಲ. ಸಹಾಯವಾಣಿಯಲ್ಲಿ ಹಿಂದಿ ಸಂಗೀತ. ಅಷ್ಟರಲ್ಲಿ ಟೇಬಲ್ ಒರೆಸುವ ಹುಡುಗ ಛತ್ರಿ ಹಿಡಿದು ಬಂದ. ‘ಸಾರ್, ಆ ಕೆಂಪು ಬಟನ್ ಯಾರೋ ಒತ್ತಿ ಹೋಗಿರ್ತಾರೆ. ತಿರುಗಿಸಿದ್ರೆ ಮೇಲೆ ಬರುತ್ತೆ’ ಅಂದ. ತಿರುಗಿಸಿದ, ಟಕ್ ಅಂತು, ಚಾರ್ಜ್ ಶುರುವಾಯಿತು. ಎಮರ್ಜೆನ್ಸಿ ಬಟನ್ ಅದು. ಅವತ್ತಿಂದ ಯಾವ ಚಾರ್ಜರ್ ಮುಂದೆ ನಿಂತರೂ ಮೊದಲು ಅದನ್ನೇ ನೋಡುತ್ತೇನೆ. ಹತ್ತರಲ್ಲಿ ಎರಡು ಸಲ ಅದೇ ಕಾರಣ. 300 ರೂಪಾಯಿ ವಾಪಸ್ ಬಂದದ್ದು 19 ದಿನ ಆದಮೇಲೆ. ಚಾರ್ಜರ್ ಕಂಪನಿಯ ಹೆಸರು ಬೇಡ ಬಿಡಿ. ನನ್ನ ಫೋನಿನಲ್ಲಿ ಈಗ ಏಳು ಚಾರ್ಜಿಂಗ್ ಆ್ಯಪ್ ಇವೆ, ಏಳರಲ್ಲೂ ಚಿಲ್ಲರೆ ಕಾಸು ಸಿಕ್ಕಿಕೊಂಡಿದೆ.

ಖರ್ಚು. ಮನೆಯಲ್ಲಿ ಯೂನಿಟ್‌ಗೆ ಸುಮಾರು ಆರು ರೂಪಾಯಿ, ಹಾಗಾಗಿ ಕಿಲೋಮೀಟರಿಗೆ ಒಂದು ರೂಪಾಯಿಯ ಆಸುಪಾಸು. ಹೆದ್ದಾರಿಯ ಫಾಸ್ಟ್ ಚಾರ್ಜರ್‌ನಲ್ಲಿ ಯೂನಿಟ್‌ಗೆ 20ರ ಮೇಲೆ, ಅಂದರೆ ಮೂರೂವರೆ ರೂಪಾಯಿ. ಹಳೆಯ ಪೆಟ್ರೋಲ್ ಕಾರಿಗೆ ಏಳು ಬೀಳುತ್ತಿತ್ತು. ಆದರೆ ಶೋರೂಮಿನಲ್ಲಿ ಯಾರೂ ಹೇಳದ ಒಂದು ಲೆಕ್ಕ ಇದೆ: ಗೃಹಜ್ಯೋತಿ. ತಿಂಗಳಿಗೆ 1700 ಕಿಲೋಮೀಟರ್ ಓಡಿಸುವ ನನ್ನ ಕಾರಿಗೇ 270 ಯೂನಿಟ್ ಬೇಕು. ಇನ್ನೂರು ದಾಟಿದ ಮೇಲೆ ಪೂರ್ತಿ ಬಿಲ್ ನಮ್ಮದೇ. ಪಕ್ಕದ ಮನೆಯವರಿಗೆ ಸೊನ್ನೆ ಬಿಲ್, ನಮಗೆ ಎರಡೂವರೆ ಸಾವಿರ. ಫ್ಯಾನಿನ ಕರೆಂಟಿಗೂ ದುಡ್ಡು ಕೊಡುತ್ತಿದ್ದೇವೆ ಅಂತ ಅಮ್ಮ ಈಗಲೂ ಗೊಣಗುತ್ತಾರೆ.

ಇನ್ನು ಪೈಪೋಟಿ. ನಾನು ಕೊಳ್ಳುವಾಗ ಆಯ್ಕೆ ಅನ್ನೋದೇ ಇರಲಿಲ್ಲ. ಆಗ ದೇಶದಲ್ಲಿ ಮಾರಾಟವಾಗುತ್ತಿದ್ದ ಎಲೆಕ್ಟ್ರಿಕ್ ಕಾರುಗಳಲ್ಲಿ ಮುಕ್ಕಾಲಿಗೂ ಜಾಸ್ತಿ ಟಾಟಾದವೇ. ಹ್ಯುಂಡೈ ಕೋನಾ, ಎಂಜಿ ಝಡ್‌ಎಸ್ ನನ್ನ ಜೇಬಿಗೆ ದೂರ. ಪೈಪೋಟಿ ಏನು ಮಾಡುತ್ತದೆ ಅಂತ ಗೊತ್ತಾದದ್ದು 2023ರ ಜನವರಿಯಲ್ಲಿ. ಮಹೀಂದ್ರಾದವರು ಎಕ್ಸ್‌ಯುವಿ 400 ಅನ್ನು 15.99 ಲಕ್ಷದಿಂದ ಶುರು ಮಾಡಿದರು. ಎರಡು ದಿನದಲ್ಲಿ ನೆಕ್ಸಾನ್ ಬೆಲೆ ಇಳಿಯಿತು. ಜೊತೆಗೆ ಸಾಫ್ಟ್‌ವೇರ್ ಬದಲಿಸಿ ರೇಂಜ್ 453 ಅಂದರು. ಆ ಸಾಫ್ಟ್‌ವೇರ್ ನಮ್ಮಂಥ ಹಳಬರಿಗೂ ಸಿಕ್ಕಿತು. ಬೆಲೆಯ ಲಾಭ ಮಾತ್ರ ನನ್ನ ನಂತರ ಬಂದವರಿಗೆ. ಮೂರು ತಿಂಗಳು ತಡ ಮಾಡಿದ್ದರೆ ಅಂತ ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ.

ಆಮೇಲೆ ಬಂದವುಗಳನ್ನು ನೆಂಟರು, ಸಹೋದ್ಯೋಗಿಗಳ ಹತ್ತಿರ ಓಡಿಸಿ ನೋಡಿದ್ದೇನೆ. ಎಂಜಿ ವಿಂಡ್ಸರ್‌ನ ಹಿಂದಿನ ಸೀಟು ನಮ್ಮ ಮನೆಯ ಸೋಫಾಗಿಂತ ಚೆನ್ನಾಗಿದೆ, ಸುಳ್ಳಲ್ಲ. 2024ರಲ್ಲಿ ಅದು ಬಂದಾಗ ಬ್ಯಾಟರಿ ಬಾಡಿಗೆಯ ಲೆಕ್ಕದಲ್ಲಿ 9.99 ಲಕ್ಷ, ಮೇಲೆ ಕಿಲೋಮೀಟರಿಗೆ ಮೂರೂವರೆ ರೂಪಾಯಿ. ನನ್ನ ಓಡಾಟಕ್ಕೆ ತಿಂಗಳಿಗೆ ಆರು ಸಾವಿರ ಬರೀ ಬಾಡಿಗೆ, ಕರೆಂಟ್ ಬೇರೆ. ಕಡಿಮೆ ಓಡಿಸುವವರಿಗೆ ಸರಿ, ನನ್ನಂಥವರು ಬ್ಯಾಟರಿ ಸಮೇತ ಕೊಳ್ಳುವುದೇ ವಾಸಿ. ಮಹೀಂದ್ರಾ ಬಿಇ 6 ಹಿಂದಿನ ಚಕ್ರದಿಂದ ತಳ್ಳುವ ಗಾಡಿ, 79 ಯೂನಿಟ್‌ವರೆಗೂ ಬ್ಯಾಟರಿ ಇದೆ, ನೂರರ ವೇಗಕ್ಕೆ ಏರೋಕೆ 6.7 ಸೆಕೆಂಡ್ ಅನ್ನುತ್ತಾರೆ. ಶಿರಾಡಿಯಲ್ಲಿ ಎರಡು ಲಾರಿಗಳ ಮಧ್ಯೆ ಅದನ್ನು ಎಲ್ಲಿ ತೋರಿಸೋದು? ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್ ಓಡಿಸಿದರೆ ಎಲೆಕ್ಟ್ರಿಕ್ ಅಂತಲೇ ಅನ್ನಿಸಲ್ಲ. ನನಗೆ ಹಿಡಿಸಿದ್ದು ಅದೇ. ಟೆಸ್ಲಾ ಶೋರೂಮ್ 2025ರಲ್ಲಿ ಮುಂಬೈಗೆ ಬಂತು. 60 ಲಕ್ಷದ ಗಾಡಿ ನಮ್ಮ ಮಾತುಕತೆಗೆ ಸೇರಿದ್ದಲ್ಲ.

ಈಗ ಹಲವು ಕಂಪನಿಯವರು ಜೀವಮಾನದ ಬ್ಯಾಟರಿ ವಾರಂಟಿ ಅನ್ನುತ್ತಿದ್ದಾರೆ. ಷರತ್ತು ಓದಿ. ಆ ಜೀವಮಾನ ಮೊದಲ ಮಾಲೀಕರದ್ದು. ನನ್ನದು ಹಳೆಯ ಲೆಕ್ಕ, ಎಂಟು ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್. ಆದರೂ ಮಾರೋಣ ಅಂತ ಹೋದ ತಿಂಗಳು ಬೆಲೆ ಕೇಳಿದರೆ ಕೊಟ್ಟದ್ದರ ಅರ್ಧವೂ ಹೇಳಲಿಲ್ಲ. ಹೊಸ ಗಾಡಿಗಳು ಅದೇ ದುಡ್ಡಿಗೆ ದೊಡ್ಡ ಬ್ಯಾಟರಿ ಕೊಡುವಾಗ ಹಳೆಯದನ್ನು ಯಾರು ಕೇಳುತ್ತಾರೆ? ಮೇಲೆ 2025ರ ಸೆಪ್ಟೆಂಬರ್‌ನಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇಕಡಾ 18ಕ್ಕೆ ಇಳಿದಿದೆ. ಎಲೆಕ್ಟ್ರಿಕ್ ಕಾರಿಗೆ ಮೊದಲೇ ಐದು. ಅಂತರ ಕಡಿಮೆಯಾಯಿತು. ಅದಕ್ಕೇ ಮಾರಲ್ಲ, ಓಡಿಸ್ತೀನಿ.

ಪುತ್ತೂರಿನ ನನ್ನ ಭಾವ ಮೊನ್ನೆ ವಿಂಡ್ಸರ್ ಪ್ರೊ ಬುಕ್ ಮಾಡಿದರು, 52.9 ಯೂನಿಟ್ ಬ್ಯಾಟರಿಯದು. ಯಾವ ಕಾರು ಒಳ್ಳೆಯದು ಅಂತ ಒಂದು ಮಾತೂ ನನ್ನ ಕೇಳಲಿಲ್ಲ. ಫೋನ್ ಮಾಡಿದ್ದು ಬುಕ್ ಆದಮೇಲೆ: ‘ಭಾವಾ, ಉಪ್ಪಿನಂಗಡಿಯಿಂದ ಹಾಸನದವರೆಗೆ ನಿಜವಾಗಿ ಕೆಲಸ ಮಾಡುವ ಚಾರ್ಜರ್ ಯಾವುವು, ಬರೆದು ಕಳಿಸಿ.’ ಕಳಿಸಿದ್ದೇನೆ. ಪಟ್ಟಿಯ ಮೇಲೇ ಆ ಹೋಟೆಲ್, ಪಕ್ಕದಲ್ಲಿ ‘ಕೆಂಪು ಬಟನ್ ತಿರುಗಿಸಿ ನೋಡಿ’ ಅಂತ.