ಕಡಿಮೆ ಕಾರ್ಡ್‌ಗಳ ಹಾಡಿನಿಂದ ಗಿಟಾರ್ ಕಲಿಸುವ ಆ್ಯಪ್: 14 ತಿಂಗಳು ಬಳಸಿದ ಮೇಲೆ

5ಕ್ಕೆ 4 ಅಂಕ. ದಿನಕ್ಕೆ 20 ನಿಮಿಷದಂತೆ 14 ತಿಂಗಳಿಂದ ಬಳಸುತ್ತಿದ್ದೇನೆ. ಇದಕ್ಕೂ ಮೊದಲು ಎರಡು ಸಲ ಗಿಟಾರ್ ಹಿಡಿದು ಬಿಟ್ಟಿದ್ದೆ. ಬರೀ ಸ್ಕೇಲ್ (ಸ್ವರಗಳ ಏರಿಳಿತದ ಸಾಲು) ಅಭ್ಯಾಸ ಮಾಡಿ ಮಾಡಿ, ಒಂದು ಹಾಡೂ ಕೈಗೆ ಬಾರದೆ ಬೇಸರ ಬಂದಿತ್ತು. ಈ ಸಲ ನನ್ನನ್ನು ಹಿಡಿದು ಕೂರಿಸಿದ್ದು ಇಲ್ಲಿ ಹಾಡುಗಳನ್ನು ಜೋಡಿಸಿರುವ ಕ್ರಮ.

ಮೊದಲ ಹಾಡಿಗೆ ಇ ಮೈನರ್ ಮತ್ತು ಡಿ, ಎರಡೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಇ ಮೈನರ್‌ಗೆ ಎರಡು ಬೆರಳು ಸಾಕು, ಆರೂ ತಂತಿ ಮೀಟಬಹುದು. ಮೊದಲ ದಿನವೇ ತುಂಬಿದ ನಾದ ಕೇಳಿದಾಗ ಆಗುವ ಖುಷಿಯೇ ಬೇರೆ. ಮುಂದೆ ಜಿ, ಆಮೇಲೆ ಸಿ. ಒಂದು ಹಾಡಿಗೆ ಒಂದೇ ಹೊಸ ಕಾರ್ಡ್. ಬೆರಳ ತುದಿಯ ಉರಿ ಕೆಲವೇ ವಾರಗಳಲ್ಲಿ ಹೋಯಿತು.

ನನಗೆ ಜಾಸ್ತಿ ಉಪಯೋಗವಾಗಿದ್ದು ಕಾರ್ಡ್ ಬದಲಾವಣೆಯ ಪಾಠ. ಎ ಮೈನರ್‌ನಿಂದ ಸಿ ಕಾರ್ಡ್‌ಗೆ ಹೋಗುವಾಗ ಮೂರೂ ಬೆರಳು ಎತ್ತಿ ಮತ್ತೆ ಇಡುತ್ತಿದ್ದೆ. ಅಷ್ಟರಲ್ಲಿ ತಾಳ ಮುಂದೆ ಹೋಗಿರುತ್ತಿತ್ತು. ವಿಡಿಯೋದಲ್ಲಿ ಕೈಯನ್ನು ಹತ್ತಿರದಿಂದ ತೋರಿಸುತ್ತಾರೆ. ತೋರುಬೆರಳು, ನಡುಬೆರಳು ಇದ್ದಲ್ಲೇ ಇರುತ್ತವೆ. ಉಂಗುರ ಬೆರಳು ಮಾತ್ರ ಮೂರನೇ ತಂತಿಯ 2ನೇ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಅಡ್ಡಪಟ್ಟಿಗಳ ನಡುವಿನ ಮನೆ) ಬಿಟ್ಟು ಐದನೇ ತಂತಿಯ 3ನೇ ಫ್ರೆಟ್‌ಗೆ ಹೋಗುತ್ತದೆ. ಒಂದು ನಿಮಿಷಕ್ಕೆ ಎಷ್ಟು ಸಲ ಬದಲಾಯಿಸಿದೆ ಅಂತ ಎಣಿಸಿ ಬರೆದಿಡುತ್ತಿದ್ದೆ. ಮೊದಲ ವಾರ 12, ಎರಡು ತಿಂಗಳಿಗೆ 40 ದಾಟಿತು.

ಮೈಕ್ ಕೇಳಿಸಿಕೊಂಡು ಸರಿ, ತಪ್ಪು ಹೇಳುವ ಭಾಗವನ್ನು ಪೂರ್ತಿ ನಂಬಬೇಡಿ. ಸಿ ನುಡಿಸಬೇಕಾದ ಕಡೆ ಎ ಮೈನರ್ ನುಡಿಸಿದರೂ ಎಷ್ಟೋ ಸಲ ಹಸಿರು ಗುರುತು ಬಂತು. ಎರಡರಲ್ಲೂ ಸಿ, ಇ ಸ್ವರಗಳಿವೆ, ಅದಕ್ಕೇ ಅಲ್ವಾ? ಬದಲಿಗೆ ತಂತಿಗಳನ್ನು ಒಂದೊಂದಾಗಿ ಮೀಟಿ ಕೇಳಿ. ಯಾವ ತಂತಿ ಸತ್ತಿದೆ, ಯಾವುದು ಗರ್ ಅನ್ನುತ್ತಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಬಲಗೈ ಬಗ್ಗೆಯೂ ಆ್ಯಪ್ ಏನೂ ಹೇಳುವುದಿಲ್ಲ. ಎಡಗೈ ತಡವಾದರೂ ಬಲಗೈ ನಿಲ್ಲಬಾರದು. ಇದನ್ನು ನಾನು ತಾಳ ಬಡಿಯುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟುಕೊಂಡು ಬೇರೆಯಾಗಿ ಕಲಿತೆ.

ನನ್ನ ದೊಡ್ಡ ದೂರು ಎಫ್ ಕಾರ್ಡ್ ಬಗ್ಗೆ. ಪೂರ್ತಿ ಎಫ್‌ಗೆ ತೋರುಬೆರಳನ್ನು ಆರೂ ತಂತಿಗೆ ಅಡ್ಡಲಾಗಿ ಒತ್ತಬೇಕು, ಕಲಿಯುವವರಿಗೆ ಅದು ಕಷ್ಟ. ಎಫ್ ಬರುವ ಹಾಡಿಗೆಲ್ಲ ಕೇಪೋ (ಒಂದು ಫ್ರೆಟ್‌ನಲ್ಲಿ ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್) ಹಾಕಿಸಿ ಸುಲಭದ ಕಾರ್ಡ್ ಕೊಡುತ್ತಾರೆ. ಕೇಪೋ ಒಳ್ಳೆಯದೇ. 2ನೇ ಫ್ರೆಟ್‌ಗೆ ಹಾಕಿ ಜಿ ಹಿಡಿದರೆ ಎ ಕೇಳುತ್ತದೆ, ನಮ್ಮ ಗಂಟಲಿಗೆ ತಕ್ಕ ಶ್ರುತಿ ಸಿಗುತ್ತದೆ. ಆದರೆ ಹೀಗೆ ಎಂಟು ತಿಂಗಳು ನಾನು ಎಫ್ ಮುಟ್ಟಲೇ ಇಲ್ಲ. ಕೊನೆಗೆ ಕೆಳಗಿನ ನಾಲ್ಕು ತಂತಿಯ ಚಿಕ್ಕ ಎಫ್‌ನಿಂದ ಶುರು ಮಾಡಿದೆ. ಅದರಲ್ಲಿ ತೋರುಬೆರಳು ಎರಡೇ ತಂತಿ ಒತ್ತಬೇಕು.

ಇನ್ನೊಂದು ವರ್ಷಕ್ಕೆ ಚಂದಾ ಕಟ್ಟಿದ್ದೇನೆ. ಈ ಸಲ ಕೇಪೋ ಪಕ್ಕಕ್ಕಿಟ್ಟು, ಎಫ್ ಇರುವ ಹಾಡುಗಳನ್ನೇ ಮೊದಲು ನುಡಿಸುತ್ತಿದ್ದೇನೆ.