9 ವರ್ಷ ಮೇಕ್ ಬಳಸಿದ ಮೇಲೆ: ಒಂದು ಫೈಲು, ಎರಡು ಹೆಸರು

ಸಣ್ಣ ಬೋರ್ಡ್‌ಗಳಿಗೆ ಸಿ ಕೋಡ್ ಬರೆಯುವುದು ನನ್ನ ಕೆಲಸ. 9 ವರ್ಷದಿಂದ ಗ್ನೂ ಮೇಕ್ ಬಳಸುತ್ತಿದ್ದೇನೆ, ಅಂದರೆ ಬದಲಾದ ಫೈಲುಗಳನ್ನು ಗುರುತಿಸಿ ಬೇಕಾದಷ್ಟನ್ನೇ ಮತ್ತೆ ಕಂಪೈಲ್ ಮಾಡಿಸುವ ಪ್ರೋಗ್ರಾಂ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ಮೇಕ್‌ನ ವಂಶದ್ದು ಇದು. ಎಲ್ಲಿ ಹೋದರೂ ಸಿಗುತ್ತದೆ, ಕಲಿಯುವುದೂ ಸುಲಭ. ನನ್ನ ತಕರಾರು ಒಂದೇ. ಫೈಲಿನ ಪಾತ್ (ಯಾವ ಫೋಲ್ಡರ್‌ನಲ್ಲಿದೆ ಅಂತ ಹೇಳುವ ವಿಳಾಸ) ಅಂದರೆ ಇದಕ್ಕೆ ಬರೀ ಅಕ್ಷರಗಳ ಸಾಲು.

ಅದು ಮನಸ್ಸಿಗೆ ನಾಟಿದ್ದು ಒಂದು ಎಲ್‌ಇಡಿ ಉರಿಯದೆ ಕೂತಾಗ. ಪಿನ್ ನಂಬರ್ ಬದಲಿಸಿ ಮೇಕ್ ಓಡಿಸಿದೆ. ಬೋರ್ಡ್‌ಗೆ ಹೋದದ್ದು ಹಳೇ ಪಿನ್ನೇ. ಇನ್ನೊಂದು ಸಲ ಸುಮ್ನೆ ಓಡಿಸಿದರೆ ಸರಿಹೋಯಿತು! ತಿಂಗಳುಗಟ್ಟಲೆ ನಮ್ಮ ಟೀಮಿನಲ್ಲಿ 'ಎರಡು ಸಲ ಹೊಡಿ' ಅನ್ನುವುದೇ ಮದ್ದಾಗಿತ್ತು.

ಕೊನೆಗೆ ನಮ್ಮ ಸಿ ಕಂಪೈಲರ್ ಜಿಸಿಸಿ ಬರೆದಿಡುವ ಡಿಪೆಂಡೆನ್ಸಿ ಫೈಲ್ (ಯಾವ ಕೋಡ್‌ಗೆ ಯಾವ ಫೈಲು ಬೇಕು ಅನ್ನುವ ಪಟ್ಟಿ) ತೆರೆದು ನೋಡಿದೆ. ಅಲ್ಲಿ ಪಿನ್ ನಂಬರ್ ಇರುವ ಹೆಡರ್‌ನ (ಕೋಡ್ ಫೈಲುಗಳು ತಮ್ಮೊಳಗೆ ಸೇರಿಸಿಕೊಳ್ಳುವ ಫೈಲು) ಹೆಸರು 'ಎಸ್‌ಆರ್‌ಸಿ/../ಇಂಕ್/ಪಿನ್.ಎಚ್'. ಆ ಹೆಡರ್ ಹುಟ್ಟಿಸಲು ಮೇಕ್‌ಗೆ ನಾವು ಬರೆದ ರೂಲ್‌ನಲ್ಲಿ 'ಇಂಕ್/ಪಿನ್.ಎಚ್'. '..' ಅಂದರೆ ಒಂದು ಫೋಲ್ಡರ್ ಮೇಲಕ್ಕೆ, ಹಾಗಾಗಿ ನಮಗೆ ಎರಡೂ ಒಂದೇ, ಅಲ್ವಾ? ಮೇಕ್‌ಗೆ ಅಲ್ಲ. 8 ಕೆಲಸ ಒಟ್ಟಿಗೆ ಓಡುವಾಗ ಒಂದು ಕಡೆ ಹೊಸ ಹೆಡರ್ ತಯಾರಾಗುತ್ತಿತ್ತು, ಇನ್ನೊಂದು ಕಡೆ ಮೇಕ್ ಹಳೇ ಹೆಡರ್‌ನ ಸಮಯ ನೋಡಿ 'ಏನೂ ಬದಲಾಗಿಲ್ಲ' ಅಂತ ಮುಂದೆ ಹೋಗುತ್ತಿತ್ತು. ತಪ್ಪು ನಮ್ಮದೇ, ಹೆಡರ್ ಎಲ್ಲಿದೆ ಅಂತ ಹೇಳುವ ಇನ್‌ಕ್ಲೂಡ್ ಪಾತ್ ಸುತ್ತಿ ಬಳಸಿ ಬರೆದಿದ್ದೆವು. ನೆಟ್ಟಗೆ ಬರೆದ ಮೇಲೆ ಕಾಟ ನಿಂತಿತು. ಪಾತ್‌ನ ಶುರುವಿನಲ್ಲಿರುವ './' (ಈಗಿರುವ ಫೋಲ್ಡರ್) ಮಾತ್ರ ಮೇಕ್ ತಾನೇ ತೆಗೆದುಹಾಕುತ್ತದೆ, ಅಷ್ಟು ದಯೆ ಇದೆ.

ಹೆಸರಿನಲ್ಲಿ ಸ್ಪೇಸ್ ಇದ್ದರಂತೂ ಕೇಳಲೇಬೇಡಿ. ಬ್ಯಾಕ್‌ಸ್ಲ್ಯಾಶ್ ಹಾಕಿದರೆ ರೂಲ್‌ನಲ್ಲಿ ನಡೆಯುತ್ತದೆ, 'ನಾಟ್‌ಡಿರ್' (ಪಾತ್‌ನಿಂದ ಫೋಲ್ಡರ್ ಭಾಗ ತೆಗೆಯುವುದು) ತರಹದ ಫಂಕ್ಷನ್‌ಗೆ ಕೊಟ್ಟರೆ ಮತ್ತೆ ಎರಡು ತುಂಡು. ವಿಂಡೋಸ್‌ನಲ್ಲಿ ಸಿಗ್ವಿನ್ (ಯುನಿಕ್ಸ್ ತರಹದ ವಾತಾವರಣ ಕೊಡುವ ಸಾಫ್ಟ್‌ವೇರ್) ಮೇಕ್ ಬಳಸುವ ಗೆಳೆಯನಿಗೆ 'ಸಿ:' ಡ್ರೈವ್‌ನ ಕೋಲನ್ ಚಿಹ್ನೆಯೇ ಶತ್ರು. ಮೇಕ್ ಅದನ್ನು ರೂಲ್‌ನ ಕೋಲನ್ ಅಂದುಕೊಂಡು 'ಮಲ್ಟಿಪಲ್ ಟಾರ್ಗೆಟ್ ಪ್ಯಾಟರ್ನ್ಸ್' ಅಂತ ಬಯ್ಯುತ್ತದೆ. ಹೆಡರ್ ಅಳಿಸಿದಾಗ ಬರುವ 'ನೋ ರೂಲ್' ಎರರ್‌ಗೆ ಜಿಸಿಸಿಯ '-ಎಂಪಿ' ಆಯ್ಕೆ ಸಾಕು.

ಹೊಸ ಪ್ರಾಜೆಕ್ಟ್‌ಗಳಿಗೆ 2 ವರ್ಷದಿಂದ ಸಿಮೇಕ್ (ಬಿಲ್ಡ್ ಫೈಲುಗಳನ್ನು ಬರೆದುಕೊಡುವ ಸಾಧನ) ಜೊತೆ, ಮೇಕ್ ಬದಲಿಗೆ, ನಿಂಜಾ ಹಾಕಿದ್ದೇನೆ. ನಿಂಜಾ '..' ಇರುವ ಪಾತ್‌ಗಳನ್ನು ಮೊದಲೇ ಬಿಡಿಸಿ ಒಂದೇ ಹೆಸರಿಗೆ ತರುತ್ತದೆ. ನಮ್ಮ ಎಲ್‌ಇಡಿ ಕಥೆ ಅಲ್ಲಿ ನಡೆಯುತ್ತಿರಲಿಲ್ಲ. ಆದರೆ '/ಹೋಮ್'ನಿಂದ ಶುರುವಾಗುವ ಪೂರ್ತಿ ಪಾತ್ ಮತ್ತು ಚಿಕ್ಕ ಪಾತ್ ಒಂದೇ ಫೈಲಿನದಾದರೂ ನಿಂಜಾಗೂ ಅವು ಬೇರೆ ಬೇರೆ. ಅನುಮಾನ ಬಂದರೆ '-ಡಿ ಎಕ್ಸ್‌ಪ್ಲೇನ್' ಹಾಕಿ ಓಡಿಸಿ, ಯಾವ ಫೈಲಿಗಾಗಿ ಮತ್ತೆ ಕಂಪೈಲ್ ಆಯಿತು ಅಂತ ಹೇಳುತ್ತದೆ.

ಮೇಕ್‌ಗೆ 5ಕ್ಕೆ 3, ನಿಂಜಾಗೆ 4.