ಎರಡು ರೋಲರಿನ ಮಾಲ್ಟ್ ಗಿರಣಿ: 2 ವರ್ಷ, 41 ಬ್ಯಾಚ್ ಆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಬಿಯರಿಗೆ ಬೇಕಾದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಒಡೆಯುವ ಈ ಗಿರಣಿ ಚೆನ್ನಾಗಿದೆ, ತಗೊಳ್ಳಿ. ಆದರೆ ಡಬ್ಬಿಯಿಂದ ತೆಗೆದ ಹಾಗೇ ಬಳಸಬೇಡಿ. ಕಂಪನಿಯವರು ರೋಲರ್ ನಡುವೆ ಕೂರಿಸಿ ಕಳಿಸಿದ ಗ್ಯಾಪ್ ನಂಬಿ ನಾನು ನಾಲ್ಕು ತಿಂಗಳು ಕಳೆದುಕೊಂಡೆ. ಮಾಲ್ಟ್‌ನ ಸಕ್ಕರೆ ಪೂರ್ತಿ ಸಿಗುತ್ತಿರಲಿಲ್ಲ. ತಪ್ಪು ಎಲ್ಲಿ ಇರಲಿಲ್ಲವೋ ಅಲ್ಲೆಲ್ಲ ಹುಡುಕಿದೆ, ಇದ್ದ ಜಾಗವನ್ನು ಕೊನೆಗೆ ನೋಡಿದೆ.

ನಾನು ಪುಣೆಯ ಒಂದು ಸಣ್ಣ ಮೈಕ್ರೋಬ್ರೂವರಿಯಲ್ಲಿ ಸಹಾಯಕ. ಹೊಸ ಬಿಯರ್ ಯಾವುದೇ ಇರಲಿ, ದೊಡ್ಡ ಟ್ಯಾಂಕಿಗೆ ಹೋಗುವ ಮೊದಲು 35 ಲೀಟರಿನ ಕರೆಂಟ್ ಕೆಟಲ್‌ನಲ್ಲಿ ಟ್ರಯಲ್ ಆಗಬೇಕು. ಹೋಮ್‌ಬ್ರೂ ಮಾಡುವವರು ಬಳಸುವ ಕೆಟಲ್ಲೇ ಅದು. ಆ ಟ್ರಯಲ್ ನನ್ನ ಪಾಲಿನ ಕೆಲಸ. ಅಲ್ಲಿನ ದೊಡ್ಡ ಗಿರಣಿಗೆ 7 ಕೆಜಿ ಮಾಲ್ಟ್ ಹಾಕಿದರೆ ಅರ್ಧ ಮೂಲೆಯಲ್ಲೇ ಉಳಿಯುತ್ತದೆ, ಅದಕ್ಕೇ ಈ ಸಣ್ಣದನ್ನು ತರಿಸಿದ್ದು. ಎರಡು ಉಕ್ಕಿನ ರೋಲರ್, 3 ಕೆಜಿ ಹಿಡಿಯುವ ಹಾಪರ್, ತಿರುಗಿಸಲು ಹಿಡಿ, ಎರಡೂ ಬದಿಗೆ ಗ್ಯಾಪ್ ಹೊಂದಿಸುವ ನಾಬ್. 11 ಸಾವಿರ ಚಿಲ್ಲರೆ ಬಿತ್ತು.

ಇದು ಬರುವ ಮೊದಲು ಒಂದು ಸಲ ಓಣಿಯ ಹಿಟ್ಟಿನ ಗಿರಣಿಯಲ್ಲಿ ಒಡೆಸಿ ನೋಡಿದ್ದೆ. ಕಲ್ಲು ಹೊಟ್ಟನ್ನೂ ಬಿಡದೆ ನುಣ್ಣಗೆ ಬೀಸಿಬಿಟ್ಟಿತು. ಮ್ಯಾಶ್, ಅಂದರೆ ಬಿಸಿ ನೀರಿನಲ್ಲಿ ನೆನೆಸಿದ ಮಾಲ್ಟ್, ಗಂಜಿಯಾಗಿ ಜಾಲರಿ ಕಟ್ಟಿಕೊಂಡು ಒಂದು ತೊಟ್ಟೂ ಕೆಳಗೆ ಇಳಿಯಲಿಲ್ಲ. ಮಾಲ್ಟ್‌ಗೆ ಬೇಕಾದದ್ದು ಹಿಟ್ಟಲ್ಲ. ಒಳಗಿನ ಕಾಳು ನುಚ್ಚಾಗಬೇಕು, ಮೇಲಿನ ಹೊಟ್ಟು ಆದಷ್ಟು ಇಡಿಯಾಗಿ ಉಳಿಯಬೇಕು, ಯಾಕೆಂದರೆ ಆಮೇಲೆ ಆ ಹೊಟ್ಟೇ ಜರಡಿಯ ಕೆಲಸ ಮಾಡುತ್ತದೆ. ರೋಲರ್ ಬೇಕಾಗುವುದು ಇದಕ್ಕೇ.

ಸರಿ, ನನ್ನನ್ನು ಕಾಡಿದ ಡಬಲ್ ಐಪಿಎ ವಿಷಯಕ್ಕೆ ಬರೋಣ. ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂ) ಜಾಸ್ತಿ ಹಾಕಿದ ಗಟ್ಟಿ ಬಿಯರ್ ಅದು. ಈ ಶೈಲಿ 1994ರಲ್ಲಿ ಕ್ಯಾಲಿಫೋರ್ನಿಯಾದ ಬ್ಲೈಂಡ್ ಪಿಗ್ ಬ್ರೂವರಿಯಲ್ಲಿ ವಿನ್ನಿ ಸಿಲುರ್ಜೊ ಮಾಡಿದ ಬಿಯರಿನಿಂದ ಶುರುವಾಯಿತು ಎನ್ನುತ್ತಾರೆ. ಕುದಿಸಿದ ವರ್ಟ್‌ನ (ಮ್ಯಾಶ್‌ನಿಂದ ಇಳಿಸಿದ ಸಿಹಿ ರಸ) ಗ್ರಾವಿಟಿ, ಅಂದರೆ ನೀರು 1.000 ಎಂದು ಹಿಡಿದರೆ ಸಕ್ಕರೆಯಿಂದ ಬರುವ ಸಾಂದ್ರತೆ, 1.065ರಿಂದ 1.085ರ ಒಳಗೆ ಇರಬೇಕು. ಹಾಪ್ಸ್ ಕಹಿಯನ್ನು ಹೊರಲು ಅಷ್ಟು ಮಾಲ್ಟ್ ಬೇಕೇ ಬೇಕು. ನಾನು 7 ಕೆಜಿ ಮಾಲ್ಟ್ ಹಾಕಿ, ಕೊನೆಗೆ 20 ಲೀಟರ್ ಉಳಿಸಿಕೊಂಡು, ಗ್ರಾವಿಟಿ ಅಳೆಯಲು ಹೈಡ್ರೋಮೀಟರ್ ಇಳಿಬಿಟ್ಟೆ. 1.051! ಸಿಟ್ರಾ, ಸಿಮ್ಕೋ ಹಾಪ್ಸ್ ಎಲ್ಲ 80 ಐಬಿಯು (ಕಹಿಯ ಅಳತೆ) ಲೆಕ್ಕಕ್ಕೆ ಬಿದ್ದಾಗಿತ್ತು. ಕುಡಿದರೆ ನಾಲಿಗೆಗೆ ಬರೀ ಕಹಿ, ಹಿಂದೆ ಮಾಲ್ಟ್‌ನ ಆಸರೆಯೇ ಇಲ್ಲ. ದುಬಾರಿ ಹಾಪ್ಸ್ ಹಾಗೆ ದಂಡವಾದಾಗ ನಿಜಕ್ಕೂ ಹೊಟ್ಟೆ ಉರಿಯಿತು.

ಲೆಕ್ಕ ಹೀಗಿದೆ, ನೀವೂ ಮಾಡಿ ನೋಡಿ. ಒಳ್ಳೆಯ ಪೇಲ್ ಮಾಲ್ಟ್ ಒಂದು ಕೆಜಿಗೆ ಹೆಚ್ಚೆಂದರೆ ಸುಮಾರು 300 ಪಾಯಿಂಟ್ ಕೊಡುತ್ತದೆ (ಗ್ರಾವಿಟಿ 1.051 ಅಂದರೆ ಲೀಟರಿಗೆ 51 ಪಾಯಿಂಟ್). 7 ಕೆಜಿಗೆ 2100. ನನಗೆ ಸಿಕ್ಕಿದ್ದು 20 ಲೀಟರಿಗೆ ತಲಾ 51, ಅಂದರೆ 1020. ಅರ್ಧಕ್ಕಿಂತ ಕಡಿಮೆ. ಉಳಿದದ್ದು ಕಾಳಿನೊಳಗೇ ಉಳಿದು ದನಗಳ ಪಾಲಾಯಿತು.

ಮೊದಲು ಅನುಮಾನ ಬಂದದ್ದು ಹೈಡ್ರೋಮೀಟರ್ ಮೇಲೆ. ಅದು 20 ಡಿಗ್ರಿಗೆ ಮಾಡಿದ್ದು. ಏಪ್ರಿಲ್‌ನಲ್ಲಿ ನಮ್ಮ ಕೋಣೆ 35 ಡಿಗ್ರಿ ಇರುತ್ತದೆ, ಆ ಬಿಸಿಯಲ್ಲಿ ನೋಡಿದರೆ 4 ಪಾಯಿಂಟ್ ಕಡಿಮೆ ತೋರಿಸುತ್ತದೆ. ಸರಿಪಡಿಸಿದರೆ 1.055. ಶೇ. 52 ಆಯಿತು, ಅಷ್ಟೇ.

ಆಮೇಲೆ ಥರ್ಮಾಮೀಟರ್. ಕುದಿಯುವ ನೀರಿಗೆ ಹಾಕಿದೆ, 98 ತೋರಿಸಿತು. ಎರಡು ಡಿಗ್ರಿ ಕೆಟ್ಟಿದೆ ಎಂದುಕೊಂಡು ಹೊಂದಿಸಿಬಿಟ್ಟೆ. ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 98 ಡಿಗ್ರಿಗೆ! ಸರಿಯಾಗಿದ್ದ ಥರ್ಮಾಮೀಟರನ್ನು ನಾನೇ ಹಾಳು ಮಾಡಿದ್ದೆ. ಮುಂದಿನ ಎರಡು ಬ್ಯಾಚ್ ಮ್ಯಾಶ್ 66ರ ಬದಲು 64ರಲ್ಲಿ ನಡೆಯಿತು. ಬೆಂಗಳೂರಿನವರು ಇನ್ನೂ ಹುಷಾರಾಗಿರಿ, ಅಲ್ಲಿ 97.

ಇನ್ನು ಅಯೋಡಿನ್ ಪರೀಕ್ಷೆ, ಪಿಷ್ಟ ಉಳಿದಿದ್ದರೆ ಅದು ಕಡುನೀಲಿಯಾಗುತ್ತದೆ. ಮೆಡಿಕಲ್ ಶಾಪಿನ ಬೆಟಾಡಿನ್ ಸಾಕು. ಬಿಳಿ ತಟ್ಟೆಯ ಮೇಲೆ ವರ್ಟ್ ತೊಟ್ಟಿಕ್ಕಿ ಒಂದು ಹನಿ ಬಿಟ್ಟೆ. ಬಣ್ಣ ಬದಲಾಗಲಿಲ್ಲ. ಪಿಷ್ಟವೆಲ್ಲ ಸಕ್ಕರೆಯಾಗಿದೆ ಎಂದುಕೊಂಡು ನಿಶ್ಚಿಂತನಾದೆ. ನನ್ನನ್ನು ಜಾಸ್ತಿ ದಿನ ದಾರಿ ತಪ್ಪಿಸಿದ್ದು ಇದೇ.

ನಮ್ಮ ಹಿರಿಯ ಬ್ರೂವರ್ ಬೆಳಗಾವಿ ಕಡೆಯವರು, ಅವರನ್ನು ನಾನು ಅಣ್ಣಾ ಎಂದೇ ಕರೆಯುವುದು. ಒಂದು ದಿನ ನಾನು ಎತ್ತಿ ಹಾಕುತ್ತಿದ್ದ ಮ್ಯಾಶ್ ಚರಟಕ್ಕೆ ಕೈ ಹಾಕಿ ಒಂದು ಮುಷ್ಟಿ ತೆಗೆದರು. ಅಂಗೈಯಲ್ಲಿ ಹರಡಿ, ಒಂದು ಕಾಳನ್ನು ಉಗುರಿನಿಂದ ಸೀಳಿದರು. ಮೇಲೆ ಮೆತ್ತಗಾಗಿತ್ತು, ನಡುವೆ ಸುಣ್ಣದ ಹಾಗೆ ಬಿಳಿ. ಬೆಟಾಡಿನ್ ಹನಿ ಬಿಟ್ಟ ಕೂಡಲೇ ಅದು ಕಡುನೀಲಿಗೆ ತಿರುಗಿ ಕಪ್ಪಾಯಿತು.

"ತಮ್ಮಾ, ಅರ್ಧ ಕಾಳು ಇನ್ನೂ ಹಂಗ ಅದಾವಲ್ಲೋ. ಒಳಗ ನೀರ ಹೋಗೋದು ಹೆಂಗ?"

ಅಷ್ಟೇ ಅಂದರು. ನಾನು ತಿಳಿ ವರ್ಟ್ ಮಾತ್ರ ನೋಡುತ್ತಿದ್ದೆ. ನೀರಿಗೆ ಬಂದ ಪಿಷ್ಟ ಸಕ್ಕರೆಯಾಗಿತ್ತು ನಿಜ, ಆದರೆ ಒಡೆಯದ ಕಾಳಿನ ಪಿಷ್ಟ ನೀರಿಗೇ ಬಂದಿರಲಿಲ್ಲ.

ಮರುದಿನ ರವಿವಾರ ಪೇಟೆಯ ಬೋಹ್ರಿ ಆಳಿಗೆ ಹೋಗಿ ಸಂದಿ ಅಳೆಯುವ ಫೀಲರ್ ಗೇಜ್ ತಂದೆ. ನಾಬ್ ಮೇಲಿನ ಗುರುತು 1.0 ಮಿ.ಮೀ. ಎನ್ನುತ್ತಿತ್ತು. ಅಳೆದರೆ ಎಡಗಡೆ 1.3, ಬಲಗಡೆ 1.1. ಅದರ ಮೇಲೆ ನಮ್ಮದು ರಾಜಸ್ಥಾನದ ಆರು ಸಾಲಿನ ಬಾರ್ಲಿ. ಎರಡು ಸಾಲಿನ ಬಾರ್ಲಿಯಷ್ಟು ದುಂಡಗೆ ಇರುವುದಿಲ್ಲ, ಸಪೂರ ಕಾಳು ಜಾಸ್ತಿ. ಅವು ರೋಲರ್ ನಡುವೆ ಸುಮ್ನೆ ಜಾರಿ ಕೆಳಗೆ ಬೀಳುತ್ತಿದ್ದವು.

ಎರಡೂ ಬದಿ 0.9ಕ್ಕೆ ತಂದೆ, ಶೇ. 63 ಬಂತು. 0.8ಕ್ಕೆ ಇಳಿಸಿದೆ. ಅದೇ 7 ಕೆಜಿ, ಅದೇ 20 ಲೀಟರ್, 1.073. ಹತ್ತಿರ ಹತ್ತಿರ ಶೇ. 70! ಕುದಿ ಮುಗಿಯುವ ಹತ್ತು ನಿಮಿಷ ಮೊದಲು ಅರ್ಧ ಕೆಜಿ ಸಕ್ಕರೆ ಹಾಕಿದ್ದಕ್ಕೆ 1.083 ಮುಟ್ಟಿತು. ಅವತ್ತು ಆ ಗಾಜಿನ ಕೊಳವೆಯನ್ನು ಕಣ್ಣ ಮಟ್ಟಕ್ಕೆ ಹಿಡಿದು ಮೂರು ಸಲ ಓದಿದೆ.

ಫೀಲರ್ ಗೇಜ್ ಇಲ್ಲದಿದ್ದರೆ ಹಳೆಯ ಡೆಬಿಟ್ ಕಾರ್ಡ್ ಸಾಕು, ಅದರ ದಪ್ಪ 0.76 ಮಿ.ಮೀ. ಉಬ್ಬು ಅಕ್ಷರ ಇಲ್ಲದ ಕಡೆ ತೂರಿಸಿ ನೋಡಿ. 0.7ಕ್ಕಿಂತ ಕೆಳಗೆ ನಮ್ಮ ಕೆಟಲ್‌ನಲ್ಲಿ ವರ್ಟ್ ಇಳಿಯುವುದು ತೀರಾ ನಿಧಾನವಾಗುತ್ತದೆ. ಇನ್ನೊಂದು ಮಾತು. ಗಿರಣಿಗೆ ಹಾಕುವ ಹತ್ತು ನಿಮಿಷ ಮೊದಲು 7 ಕೆಜಿ ಮಾಲ್ಟ್‌ಗೆ 100 ಮಿ.ಲೀ. ನೀರು ಸ್ಪ್ರೇ ಮಾಡಿ ಕೈಯಾಡಿಸಿ. ಹೊಟ್ಟು ಸ್ವಲ್ಪ ಮೆತ್ತಗಾಗಿ ಹರಿಯದೆ ಉಳಿಯುತ್ತದೆ. ರೋಲರಿಗೆ ಅಂಟುವಷ್ಟು ಒದ್ದೆ ಮಾಡಬೇಡಿ.

ಶೇ. 70 ಕಡಿಮೆ ಅಲ್ವಾ ಅಂತ ಕೇಳಬಹುದು. ಡಬಲ್ ಐಪಿಎಗೆ ಕಡಿಮೆ ಅಲ್ಲ. ಇದೇ ಗ್ಯಾಪ್‌ನಲ್ಲಿ 4 ಕೆಜಿಯ ಸಾದಾ ಪೇಲ್ ಏಲ್ ಮಾಡಿದರೆ 77, 78 ಬರುತ್ತದೆ. ಕಾಳು ಕೆಜಿಗೆ ಒಂದು ಲೀಟರ್ ಹೀರಿಕೊಳ್ಳುತ್ತದೆ, 7 ಕೆಜಿ ಅಂದರೆ 7 ಲೀಟರ್ ಸಿಹಿ ವರ್ಟ್ ಅಲ್ಲೇ ಉಳಿಯಿತು. ಕಾಳಿನ ಸಿಹಿ ತೊಳೆದು ಇಳಿಸಲು ಸಿಗುವ ನೀರೂ ಕೆಜಿಗೆ ಲೆಕ್ಕ ಹಾಕಿದರೆ ಕಡಿಮೆ. ಇದು ಗಿರಣಿಯ ತಪ್ಪಲ್ಲ. ರೆಸಿಪಿ ಬರೆಯುವಾಗಲೇ 70 ಹಿಡಿದು ಬರೆಯಿರಿ.

ಹೋದ ಬೇಸಿಗೆಯಲ್ಲಿ ಮತ್ತೆ 61ಕ್ಕೆ ಬಿತ್ತು. ಗ್ಯಾಪ್ ಅಳೆದೆ, ಸರಿಯಾಗಿತ್ತು. ಆ ವಾರ ನಲ್ಲಿ ನೀರಿಲ್ಲದೆ ಟ್ಯಾಂಕರ್ ತರಿಸಿದ್ದರು, ಬೋರ್‌ವೆಲ್ಲಿನ ಗಡಸು ನೀರು. ಮ್ಯಾಶ್ ಪಿಎಚ್ 5.8 ಇತ್ತು, ಜಾಸ್ತಿಯಾಯಿತು. ಮುಂದಿನ ಸಲ ಲ್ಯಾಕ್ಟಿಕ್ ಆಸಿಡ್ ಸ್ವಲ್ಪ ಸ್ವಲ್ಪವೇ ಹಾಕುತ್ತಾ 7 ಮಿ.ಲೀ.ಗೆ 5.4ಕ್ಕೆ ಬಂತು, 69 ಸಿಕ್ಕಿತು.

ಇನ್ನು ಗಿರಣಿಯ ದೋಷಗಳು. ನಾಬ್ ಹಿಡಿದಿಡುವ ಸ್ಕ್ರೂ ಅದುರಾಟಕ್ಕೆ ಸಡಿಲವಾಗುತ್ತದೆ, ಗ್ಯಾಪ್ ತಾನಾಗಿ ಅಗಲವಾಗುತ್ತದೆ. ನಾನು ಪ್ರತಿ ಬ್ಯಾಚಿಗೂ ಅಳೆಯುತ್ತೇನೆ. ಕೈಯಲ್ಲಿ 7 ಕೆಜಿ ತಿರುಗಿಸಿದರೆ ತೋಳು ಬಿದ್ದುಹೋಗುತ್ತದೆ, ಡ್ರಿಲ್ ಕೂರಿಸಿ, ಆದರೆ ನಿಧಾನಕ್ಕೆ ಓಡಿಸಿ. ಜೋರಾದರೆ ಹೊಟ್ಟು ಚಿಂದಿಯಾಗುತ್ತದೆ. ರೋಲರ್ ಸ್ಟೇನ್‌ಲೆಸ್ ಅಲ್ಲ. ಮೊದಲ ಮಳೆಗಾಲದಲ್ಲೇ ಗೀರುಗಳ ಸಂದಿಯಲ್ಲಿ ತುಕ್ಕು ಕಾಣಿಸಿತು. ನೀರು ಮುಟ್ಟಿಸಬೇಡಿ, ಒಣ ಬ್ರಷ್ ಸಾಕು, ಆಮೇಲೆ ಒಂದು ಹಿಡಿ ಅಕ್ಕಿ ಹಾಕಿ ತಿರುಗಿಸಿ. ಮಳೆಗಾಲದಲ್ಲಿ ಮಾಲ್ಟನ್ನೂ ಗಾಳಿಯಾಡದ ಡ್ರಮ್ಮಿನಲ್ಲಿಡಿ. ಹಲ್ಲಿನಲ್ಲಿ ಕಡಿದರೆ ಕಟುಂ ಎನ್ನಬೇಕು. ಮೆತ್ತಗಾದ ಕಾಳು ಒಡೆಯುವುದಿಲ್ಲ, ಚಪ್ಪಟೆಯಾಗುತ್ತದೆ ಅಷ್ಟೇ.

ಒಳಗಿರುವುದು ಬಾಲ್ ಬೇರಿಂಗ್ ಅಲ್ಲ, ಬುಷ್, ಅಂದರೆ ರೋಲರಿನ ಅಚ್ಚು ಕೂರುವ ಸಾದಾ ಬಳೆ. ಬಲಗಡೆಯದು 38ನೇ ಬ್ಯಾಚಿನಿಂದ ಕಿರುಗುಟ್ಟುತ್ತಿದೆ, ಆ ಬದಿಯ ಗ್ಯಾಪ್ ಒಂದೆರಡು ಕೂದಲೆಳೆ ಅಲುಗಾಡುತ್ತದೆ. ಹೊಸ ಬುಷ್ ಮಾಡಿಕೊಡಲು ಒಬ್ಬ ಲೇತ್‌ನವರಿಗೆ ಕೊಟ್ಟು ಬಂದಿದ್ದೇನೆ, ಶನಿವಾರ ಸಿಗುತ್ತದೆ. ಭಾನುವಾರ 42ನೆಯದು, ಮತ್ತೆ ಡಬಲ್ ಐಪಿಎ.